ಜೇಡ್ ಗಿಡದ ಬಾಯಾರಿಕೆ

"ಆ ಗಿಡಕ್ಕೆ ಮಾತ್ರ ನೀರು ಹಾಕ್ಬೇಡಿ," ಎಂದಳು ಮನೆಯೊಡತಿ, ಬಾಡಿಗೆ ಕೋಣೆಯ ಕೀಲಿಕೈ ಕೊಡುತ್ತ. "ಒಣಗಿದ್ರೆ ಒಣಗ್ಲಿ."

"ಯಾಕೆ, ಗಿಡಕ್ಕೂ ಉಪವಾಸವೇ?"

"ನಗಬೇಡಿ. ಅದಕ್ಕೆ ಮಾಟ ಮಾಡ್ಸಿದಾರೆ. ನೀರು ಹಾಕಿದೋರನ್ನ ಅದು ಬಿಡೋದಿಲ್ಲ."

ಹೊಸದಾಗಿ ಬಂದವಳು ಕೋಣೆಯ ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕಳು. ಅವಳು ಕನ್ನಡಕದಂಗಡಿಯಲ್ಲಿ ಗಾಜು ತಿಕ್ಕಿ ಚೌಕಟ್ಟಿಗೆ ಕೂರಿಸುವವಳು. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವವಳು. ನಗುವೇನೋ ಬಂತು, ಅದನ್ನು ಹಂಚಿಕೊಳ್ಳಲು ಆ ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದಿನವಿಡೀ ಪರರ ದೃಷ್ಟಿ ನೆಟ್ಟಗೆ ಮಾಡಿ, ಸಂಜೆ ಬಂದು ತಾನು ಗೋಡೆ ನೋಡುತ್ತ ಕೂರುವುದು, ಇಷ್ಟೇ ಬದುಕು. ತನ್ನವರು ಅಂತ ಇದ್ದದ್ದು ದೂರದೂರಿನ ತಂಗಿ ಒಬ್ಬಳೇ. ಅವಳ ಫೋನು ಬಂದ ದಿನ ಊಟ ರುಚಿಸುತ್ತಿತ್ತು.

ಗಿಡ ಹಜಾರದ ಕಿಟಕಿಯ ಬಳಿ ಇತ್ತು. ಹಳೆಯ ಜೇಡ್ ಗಿಡ. ಕಾಂಡ ಮುದುಕನ ಮೊಣಕಾಲಿನಂತೆ ಗಂಟುಗಂಟು. ದಪ್ಪ ಎಲೆಗಳು ನೀರಿಲ್ಲದೆ ಸುಕ್ಕುಗಟ್ಟಿ, ಧೂಳು ಹಿಡಿದು ಜೋತುಬಿದ್ದಿದ್ದವು. ಪಕ್ಕದ ಕೋಣೆಯಲ್ಲಿ ಮನೆಯೊಡತಿಯ ಒಣಕೆಮ್ಮು. ಅವಳೂ ದಿನದಿನಕ್ಕೆ ಬತ್ತುತ್ತಿದ್ದಳು. ಡಾಕ್ಟರನ್ನು ಕರೆಯಲೇ ಎಂದರೆ ಗೋಡೆಯ ಕಡೆ ಹೊರಳಿಬಿಡುವಳು.

ಒಂದು ರಜೆಯ ಮಧ್ಯಾಹ್ನ ಕನ್ನಡಕದವಳಿಗೆ ತಡೆಯಲಾಗಲಿಲ್ಲ. ಸಾಯುವ ಗಿಡದ ಮುಂದೆ ಕೈಕಟ್ಟಿ ಕೂರುವವರ ಪೈಕಿಯಲ್ಲ ಅವಳು. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯನ್ನು ಎರಡೂ ಬದಿ ಒರೆಸಿದಳು. ಬೆನ್ನಿಗೂ ಬಿಸಿಲು ಬೀಳಲೆಂದು ಕುಂಡವನ್ನು ತುಸು ತಿರುಗಿಸಿದಳು. ಮಣ್ಣು ಎಷ್ಟು ಒಣಗಿದೆ ನೋಡೋಣವೆಂದು ಬೆರಳು ಇಳಿಸಿದರೆ ತಣ್ಣನೆಯದೇನೋ ತಗುಲಿತು. ಎಳೆದಳು. ತಾಮ್ರದ ತಗಡು, ಅದಕ್ಕೆ ಸುತ್ತಿದ ಕೂದಲು. ಸುಟ್ಟ ಕೂದಲಿನ ಕಮಟು ಮೂಗಿಗೆ ಅಡರಿತು.

"ಓಹೋ, ಇದೇನಾ ನಿನ್ನ ಮಾಟ," ಎಂದು ಗಿಡವನ್ನೇ ಕೇಳಿ, ತಗಡನ್ನು ಮತ್ತೆ ಮಣ್ಣಿಗೆ ತುರುಕಿ, ಒಂದು ಚೊಂಬು ನೀರು ಹಾಕಿದಳು. ಕುಂಡದೊಳಗಿನಿಂದ ಗುಟುಕರಿಸುವ ಸದ್ದು ಬಂತು. ಮಣ್ಣಿಗೆ ಗಂಟಲಿದ್ದ ಹಾಗೆ.

ಪಕ್ಕದ ಕೋಣೆಯ ಕೆಮ್ಮು ನಿಂತಿತು. ಮನೆಯೊಡತಿ ಎದ್ದು ಬಂದಳು. ಬೆಳಿಗ್ಗೆ ಗುಳಿಬಿದ್ದಿದ್ದ ಕೆನ್ನೆ ಈಗ ತುಂಬಿಕೊಂಡಿತ್ತು. ಖಾಲಿ ಚೊಂಬನ್ನು ನೋಡಿದವಳೇ ಕುಸಿದು ಕೂತಳು.

"ಹೇಳಿದ್ದೆನಲ್ಲಮ್ಮ. ಮಗ ಮನೆ ಬಿಟ್ಟು ಹೋಗ್ಬಾರ್ದು ಅಂತ ನಮ್ಮತ್ತೆ ಮಾಡ್ಸಿದ್ದು ಇದು. ನಮ್ಮನೆಯವರು ನೀರು ಹಾಕಿದ್ರು, ಹೊಸಿಲು ದಾಟೋಕಾಗ್ಲಿಲ್ಲ. ಕಾಯಿಲೆ ಬಿದ್ದಾಗ ಪಾಪ ಅಂತ ನಾನು ಹಾಕ್ದೆ. ಅವತ್ತೇ ಎದ್ದು ಹೊರಟುಹೋದ್ರು. ಅಲ್ಲಿಂದ ಅದು ನನ್ನ ಹಿಡೀತು. ಇದನ್ನ ಒಣಗಿಸಿ ಜೊತೇಲೇ ನಾನೂ ಹೋಗ್ಬಿಡೋಣ, ಇಲ್ಲಿಗೇ ಮುಗೀಲಿ ಅಂತಿದ್ದೆ. ಒಬ್ಳೇ ಸಾಯೋಕೆ ಭಯ ಆಯ್ತು. ಅದಕ್ಕೇ ನಿಂಗೆ ಕೋಣೆ ಕೊಟ್ಟೆ."

"ಈಗ?"

"ಈಗ ನೀನು."

ಮನೆಯೊಡತಿ ಚಪ್ಪಲಿಯನ್ನೂ ಹುಡುಕಲಿಲ್ಲ. ಅಳುತ್ತಲೇ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು.

ಮರುದಿನ ಕೆಲಸಕ್ಕೆ ಹೊರಟ ಕನ್ನಡಕದವಳು ಹೊಸಿಲಾಚೆ ಕಾಲಿಟ್ಟಳಷ್ಟೇ. ಕಾಲು ಒದ್ದೆ ಬಟ್ಟೆಯಂತೆ ಮಡಚಿಕೊಂಡಿತು. ಉಸಿರು ಕಟ್ಟಿತು. ತೆವಳಿ ಒಳಗೆ ಬಂದ ಮೇಲೇ ಜೀವ ಬಂದದ್ದು. ಸಿಟ್ಟಿನಿಂದ ಗಿಡದ ಒಂದು ಎಲೆ ಮುರಿದಳು. ಅವಳ ಕಿರುಬೆರಳಿನ ಉಗುರು ಕಿತ್ತುಬಂತು. ಕೊಳೆಸಿಬಿಡೋಣವೆಂದು ಬಿಂದಿಗೆಗಟ್ಟಲೆ ನೀರು ಸುರಿದಳು. ಪಾದ ಊದಿ ಕೊಳೆತ ವಾಸನೆ ಬಂತು. ನೀರು ನಿಲ್ಲಿಸಿದಳು, ಎಷ್ಟು ಕುಡಿದರೂ ತೀರದ ಬಾಯಾರಿಕೆ ಹತ್ತಿತು. ಕಡೆಗೆ ಎಲೆಯ ಅಂಚು ಮೆತ್ತಗಾದಾಗ ಅಳತೆಯಾಗಿ ಹಾಕುವುದನ್ನು ಕಲಿತಳು. ಅಷ್ಟು ಚೆನ್ನಾಗಿ ಆರೈಕೆಯಾದ ಜೇಡ್ ಗಿಡ ಲೋಕದಲ್ಲಿ ಇನ್ನೊಂದು ಇರಲಾರದು.

ಅಂಗಡಿಯಿಂದ ಫೋನು ಬರುವುದು ನಿಂತಿತು. ಬೇಕಾದ ಸಾಮಾನು ಬಾಗಿಲ ತನಕ ಬರುತ್ತಿತ್ತು, ಮನುಷ್ಯರು ಒಳಗೆ ಬರುತ್ತಿರಲಿಲ್ಲ. ಅವಳು ಎಲ್ಲಿ ಕೂತರೂ ಗಿಡದ ಕೊಂಬೆ ಆ ಕಡೆಗೇ ವಾಲುತ್ತಿತ್ತು. ಎಲೆಗೆ ಎಲೆ ಉಜ್ಜುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಮಾತಾಡಲು ಯಾರೂ ಇಲ್ಲದೆ ಅವಳು ಅದರೊಡನೆಯೇ ಮಾತಾಡತೊಡಗಿದಳು. ಹಾಗೆ ಮಾತಾಡುವುದು ಹಿತವೆನಿಸಿದ ದಿನ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಮನೆಯೊಡತಿಗೆ ಹೊಳೆದದ್ದೇ ಅವಳಿಗೂ ಹೊಳೆಯಿತು. ಚೊಂಬನ್ನು ಅಡುಗೆಮನೆಯಲ್ಲಿ ಮಗುಚಿಟ್ಟಳು.

ಎಲೆಗಳು ಸುಕ್ಕಾದವು. ಅವಳೂ. ಫೋನಿನಲ್ಲಿ ಅವಳ ದನಿ ಕೇಳಿ ದಿಗಿಲಾಗಿ ತಂಗಿ ಹೇಳದೆ ಕೇಳದೆ ಬಂದೇಬಿಟ್ಟಳು.

"ಏನಕ್ಕ ಇದು, ಹೀಗೆ ಒಣಗಿದೀಯ?"

ಅಕ್ಕ ಎಲ್ಲವನ್ನೂ ಹೇಳಿದಳು. ತಂಗಿ ನಕ್ಕಳು, ಆಮೇಲೆ ಹಣೆ ಮುಟ್ಟಿ ನೋಡಿದಳು.

"ಇಂಥದ್ದಕ್ಕೆಲ್ಲ ನೀನೇ ನಗ್ತಿದ್ದೆ. ಜ್ವರ ತಲೆಗೇರಿದೆ ನಿಂಗೆ. ನಾನು ಇಲ್ಲೇ ಇರ್ತೀನಿ ಬಿಡು. ನಿನ್ನನ್ನೂ ನೋಡ್ಕೋತೀನಿ, ಆ ಗಿಡಾನೂ."

ಎಷ್ಟು ದಿನದಿಂದ ಈ ಮಾತಿಗಾಗಿ ಕಾದಿದ್ದಳೋ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರೆ ಬೀದಿ, ಬಿಸಿಲು, ಜನ, ಎಲ್ಲ ಅವಳಿಗೆ ವಾಪಸು. ಒಂದು ಗಳಿಗೆ ಅವಳು ಸುಮ್ಮನೇ ಇದ್ದಳು.

ಅಡುಗೆಮನೆಯಲ್ಲಿ ನಲ್ಲಿ ತಿರುಗಿತು. ಚೊಂಬು ತುಂಬುವ ಸದ್ದು. ಹೆಜ್ಜೆ. ಸುಟ್ಟ ಕೂದಲಿನ ಕಮಟು ಮನೆಯೆಲ್ಲ ತುಂಬಿತು. ಗಿಡ ವಾಲಿತು. ಅವಳ ಕಡೆಗಲ್ಲ. ತಂಗಿಯ ಕಡೆಗೆ. ಏಳಬೇಕು. ಕಾಲು ಏಳದು. ಕೂಗಬೇಕು. ನಾಲಿಗೆ ಅಂಗುಳಿಗೆ ಅಂಟಿದೆ. ಬೇಡ ಎಂದರೆ ಇವಳು ನಿಲ್ಲುವವಳಲ್ಲ. ಚೊಂಬು ಬಾಗಿತು. ಅಂಚಿನಲ್ಲಿ ನೀರು ಹೊಳೆಯಿತು.

"ಅಮ್ಮನ್ನ ಕೊಂದವಳು ನೀನು."

ಚೊಂಬು ಅಲ್ಲೇ ನಿಂತಿತು.

ಅಮ್ಮನ ಕೊನೆಯ ರಾತ್ರಿ ಹಾಸಿಗೆಯ ಪಕ್ಕ ಕೂತಿದ್ದ ತಂಗಿಗೆ ನಿದ್ದೆ ಹತ್ತಿತ್ತು. ಎದ್ದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನು ಅವಳು ಅಕ್ಕನ ಹತ್ತಿರ ಮಾತ್ರ ಹೇಳಿ ಅತ್ತಿದ್ದಳು. ನಿನ್ನ ತಪ್ಪಲ್ಲ ಕಣೇ ಎಂದು ಅಕ್ಕ ತಲೆ ಸವರಿದ್ದಳು.

"ನೀರು ನೀರು ಅಂತ ಕೂಗಿರ್ತಾಳೆ. ನೀನು ಬಿದ್ಕೊಂಡಿದ್ದೆ. ನಿನ್ನ ಕೈ ನೀರು ಈ ಮನೇಲಿ ಯಾರಿಗೂ ಬೇಡ. ಹೋಗು."

ತಂಗಿ ಚೊಂಬನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಚೀಲ ಎತ್ತಿಕೊಂಡು ಬಾಗಿಲಲ್ಲಿ ನಿಂತಳು.

"ಇಷ್ಟು ದಿನಾನೂ ಹಾಗೇ ಅಂದ್ಕೊಂಡಿದ್ಯಾ, ಅಕ್ಕ?"

"ಹೂಂ."

ಅಕ್ಕ ಗೋಡೆ ಹಿಡಿದು ಹಿಡಿದು ಕಿಟಕಿಗೆ ಬಂದಳು. ಕೆಳಗೆ ತಂಗಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ರಸ್ತೆ ದಾಟುತ್ತಿದ್ದಳು. ಸುಳ್ಳು ಕಣೇ, ಎಲ್ಲ ಸುಳ್ಳು ಎಂದು ಕೂಗಿದರೆ ಕೇಳಿಸುವಷ್ಟೇ ದೂರ. ಬಸ್ಸು ಬಂದು, ಅವಳನ್ನು ಹತ್ತಿಸಿಕೊಂಡು, ತಿರುವು ದಾಟುವ ತನಕ ಅಕ್ಕ ಎರಡೂ ಕೈಯಿಂದ ತನ್ನ ಬಾಯನ್ನು ಒತ್ತಿ ಹಿಡಿದುಕೊಂಡು ನಿಂತಿದ್ದಳು.