ಹೆಸರು ಕೊರೆದ ತಾಟು

"ಹೋಗ್ರಿ ಇಲ್ಲಿಂದ! ಮತ್ತ ಬರಬ್ಯಾಡ್ರಿ!"

ಸ್ಟೀಲ್ ತಾಟು ಠಣ್ ಎಂದು ನೆಲಕ್ಕೆ ಬಿತ್ತು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಚೆಲ್ಲಾಪಿಲ್ಲಿ! ಪರೇಲಿನ ಆ ಟಿಬಿ ವಾರ್ಡಿನಲ್ಲಿ ಮಲಗಿದ್ದವರೆಲ್ಲ ಒಮ್ಮೆಗೇ ಇತ್ತ ತಿರುಗಿದರು.

ಮಾಸ್ಕಿನ ಮೇಲೆ ಗುರುಪಾದನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಅವನು ಬೊರಿವಲಿಯಲ್ಲಿ ಟೈಲ್ಸ್ ಕೂಡಿಸುವ ಮಿಸ್ತ್ರಿ. ಮದುವೆ ನಿಶ್ಚಯವಾದ ಹುಡುಗಿ ಶಿವಕುಮಾರಿಯನ್ನು ನೋಡಲು ರಜೆ ಹಾಕಿ, ಲೋಕಲ್ ಹತ್ತಿ ಬಂದಿದ್ದ. ಅವಳು ಆಸ್ಪತ್ರೆ ಸೇರಿದ ಮೇಲೆ ಇದೇ ಮೊದಲ ಭೇಟಿ... ಅದೂ ಹೀಗೆ!

"ನಾ ಏನ್ ತಪ್ಪ ಮಾಡ್ದೆ, ಶಿವಾ?"

"ತಾಟಿನ ಮ್ಯಾಲ ನನ್ನ ಹೆಸರ ಕೊರಸೀರಿ. ನನಗ ಬ್ಯಾರೆ ತಾಟ! ನೀವೂ ಹಂಗ ಅಲ್ಲೇನ್ರಿ?"

ಅವನು ಉತ್ತರಿಸುವ ಮೊದಲೇ ನರ್ಸ್ ಅವನನ್ನು ಹೊರಗೆ ಕಳಿಸಿದಳು.

ಶಿವಕುಮಾರಿಯ ಸಿಟ್ಟು ಈ ತಾಟಿನದಷ್ಟೇ ಅಲ್ಲ. ರಿಪೋರ್ಟ್ ಬಂದ ದಿನವೇ ವಿಕ್ರೋಳಿಯ ಚಾಳಿನಲ್ಲಿ ಅತ್ತಿಗೆ ಕಸ್ತೂರಿಬಾಯಿ ಅವಳ ತಾಟು, ಲೋಟಕ್ಕೆ ಕೆಂಪು ನೇಲ್ ಪಾಲಿಶ್ ಹಚ್ಚಿ ಬಾಗಿಲ ಹೊರಗಿಟ್ಟಿದ್ದಳು. ಸಣ್ಣ ಮಕ್ಕಳಿರುವ ಮನೆ, ಅತ್ತಿಗೆಗೂ ಭಯವೇ. ಆದರೆ ಹೊರಗೆ ಕೂತು ಉಂಡವಳ ಸಂಕಟ ಯಾರಿಗೆ ಗೊತ್ತು?

ಶಿವಕುಮಾರಿ ಕೂತಲ್ಲಿ ಕೂರಲಿಲ್ಲ. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ... ಎದೆಯೊಳಗೆ ಇರುವೆ ಹರಿದಂತೆ ತಳಮಳ. ನಾಲ್ಕು ದಿನದಿಂದ ಗುಳಿಗೆಯನ್ನು ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗುಳುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

'ಗುಣ ಆಗಿ ಯಾರ ಮನಿಗೆ ಹೋಗ್ಲಿ?'

ಸಂಜೆ ವಸಂತಿ ಬಂದಳು. ರೋಗಿಗಳ ಮನಸ್ಸಿನ ಮಾತು ಕೇಳುವುದೇ ಆ ಉಡುಪಿ ಕಡೆಯ ಹೆಂಗಸಿನ ಕೆಲಸ. ಕೈಯಲ್ಲಿ ತೊಳೆದ ತಾಟು.

"ಎಂತ ಮಾರಾಯ್ತಿ, ನಿನ್ನ ಹುಡುಗ ಇನ್ನೂ ಗೇಟಿನ ಹತ್ರವೇ ನಿಂತಿದ್ದಾನೆ. ಹಿಂದಿನ ಮೂರು ಭಾನುವಾರವೂ ಬಂದಿದ್ದನಂತೆ, ಆಗ ಒಳಗೆ ಬಿಡಲಿಲ್ಲ. ಈ ತಾಟನ್ನು ನೀನು ಸರಿಯಾಗಿ ನೋಡಿದ್ಯಾ?"

ಅವಳು ನೋಡಿದಳು. ಒಂದು ಅಂಚಿಗೆ ಶಿವಕುಮಾರಿ. ರೊಟ್ಟಿ ಮುಚ್ಚಿದ್ದ ಎದುರಿನ ಅಂಚಿಗೆ... ಗುರುಪಾದ!

ಇಬ್ಬರು ಉಣ್ಣುವಷ್ಟು ಅಗಲದ ತಾಟು. ಭೂಮದ ತಾಟು! ಅವರ ಕಡೆ ಮದುವೆಯ ದಿನ ಮದುಮಕ್ಕಳು ಒಂದೇ ತಾಟಿನಲ್ಲಿ ಕೂಡಿ ಉಣ್ಣುತ್ತಾರೆ. ಅದನ್ನು ಅವನು ಈಗಲೇ ಕೊಂಡು ತಂದಿದ್ದ. ಅವಳು ಅದನ್ನೇ ಎತ್ತಿ ಒಗೆದಿದ್ದಳು!

"ಅಕ್ಕಾ..." ಅಳು ಕಟ್ಟೆಯೊಡೆಯಿತು. "ನಾ ಗುಳಗಿ ಉಗುಳಾಕತ್ತೀನ್ರಿ. ಕಣ್ಣಿಗೆ ನಿದ್ದಿ ಇಲ್ಲ. ಈ ಜೀವಾನೇ ಬ್ಯಾಡ ಅನಸ್ತದ."

ವಸಂತಿ ಬೈಯಲಿಲ್ಲ. ಅವಳ ಕೈ ಹಿಡಿದು ಕೂತಳು.

"ಹೇಳಿದ್ದು ಒಳ್ಳೇದಾಯ್ತು. ಈ ಕಾಯಿಲೆ ಮನಸ್ಸನ್ನೂ ಹಿಂಡ್ತದೆ, ಕೆಲವರಿಗೆ ಮದ್ದೂ ಹಾಗೆ ಮಾಡ್ತದೆ. ಅದು ನಿನ್ನ ತಪ್ಪಲ್ಲ. ಈಗಲೇ ಡಾಕ್ಟ್ರಿಗೆ ಹೇಳುವ, ನಾನು ಜೊತೆಗಿರ್ತೇನೆ."

ಡಾಕ್ಟರು ಒಂದು ಔಷಧ ಬದಲಿಸಿದರು. ವಸಂತಿ ದಿನಾ ಬಂದು ಕೂತಳು. ತಳಮಳ ಒಂದೇ ದಿನಕ್ಕೆ ಹೋಗಲಿಲ್ಲ. ಆದರೂ ಶಿವಕುಮಾರಿ ಗುಳಿಗೆ ನುಂಗಿದಳು, ಅತ್ತಳು, ಮತ್ತೆ ನುಂಗಿದಳು.

ಎರಡು ತಿಂಗಳ ಮೇಲೆ ಡಾಕ್ಟರ ಬಾಯಿಂದ ಆ ಮಾತು ಬಂತು. ಇನ್ನು ಅವಳಿಂದ ಯಾರಿಗೂ ಹರಡುವುದಿಲ್ಲ!

ಡಿಸ್ಚಾರ್ಜ್ ದಿನ ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಅದೇ ತಾಟು, ಅಂಚಿಗೆ ನೆಗ್ಗು.

"ಇನ್ನೂ ನಾಕ್ ತಿಂಗಳ ಗುಳಗಿ ಅದಾವ್ರಿ," ಎಂದಳು ತಲೆ ತಗ್ಗಿಸಿ.

"ಮುಗೀಲಿ. ಆಮ್ಯಾಲ ತಾರೀಖ ನೀನ ಹೇಳ. ನನಗ ನೀ ಬೇಕ, ಶಿವಾ. ಅವಸರ ಇಲ್ಲ."

"ಮದುವಿಕಿನ್ನ ಮೊದಲ ಒಂದ ತಾಟಿನ್ಯಾಗ ಉಂಡ್ರ ಮಂದಿ ಏನಂತಾರ?"

"ರಿಹರ್ಸಲ್ ಅಂತಾರ!"

ಅವಳು ನಕ್ಕಳು. ಎಷ್ಟು ದಿನದ ಮೇಲೆ! ಆದರೆ ಒಂದು ಪ್ರಶ್ನೆ ಇನ್ನೂ ಉಳಿದಿತ್ತು.

"ನನ್ನ ಜೋಡಿ ಉಣ್ಣಾಕ... ಹೆದರಿಕಿ ಇಲ್ಲೇನ್ರಿ?"

"ಅದ," ಎಂದ ಗುರುಪಾದ. "ನೀ ಮತ್ತ ತಾಟ ಒಗದ್ರ ಅಂತ."

ಅವಳು ರೊಟ್ಟಿ ಮುರಿದು ಅವನ ಹೆಸರಿನ ಕಡೆ ಇಟ್ಟಳು. ಎರಡೂ ಕೈಯಿಂದ ತಾಟಿನ ಅಂಚು ಹಿಡಿದಳು.

"ಗಟ್ಟಿ ಹಿಡದೀನಿ. ಉಣ್ರಿ."