ಸಾಬೂನಿನ ಕುಳಿ

ಬಾಗಿಲ ಮೇಲೆ ಎರಡು ಚುರುಕಾದ ಬಡಿತ, ಆಮೇಲೊಂದು ನಿಧಾನದ ಬಡಿತ. ದುಂಡಪ್ಪ ಕಾಕಾ ಚಹಾಕ್ಕೆ ಬಂದರೆಂದು ಇಂದ್ರವ್ವನಿಗೆ ಹಿತ್ತಲಿನಲ್ಲಿದ್ದೇ ತಿಳಿಯಿತು. ಬಟ್ಟೆ ಇನ್ನೂ ಬಕೆಟ್ಟಿನಲ್ಲೇ ನೆನೆಯುತ್ತಿತ್ತು. ಒಗೆಯುವ ಉಕ್ಕಿನ ಹಲಗೆಯ ಮೇಲೆ ಯಂತ್ರವೊಂದು ಆಮೆಯಂತೆ ತೆವಳುತ್ತಿತ್ತು.

“ಇವತ್ತರೆ ಬಟ್ಟಿ ಒಗ್ಯಾಕ ಬಿಡ್ತೀರೇನ್ರಿ, ಡಾಕ್ಟರ?”

“ಇನ್ನು ಸ್ವಲ್ಪ ಹೊತ್ತು,” ಎಂದರು ಡಾ. ರೇಣು ಹಂಪಿಹೊಳಿ. ಹಳೆಯ ಯುದ್ಧಗಳಲ್ಲಿ ಗುಂಡುಗಳು ಟ್ಯಾಂಕಿನ ಕವಚವನ್ನು ಹೇಗೆ ಭೇದಿಸಿದವು ಎಂಬುದು ಅವರ ಸಂಶೋಧನೆ.

ಆ ಹಲಗೆ ಇಂದ್ರವ್ವನ ತಂದೆ ಸಿದ್ರಾಮಪ್ಪ ಸತ್ತ ಟ್ಯಾಂಕಿನ ಕವಚದ ತುಂಡು. ಅದೇ ಪಡೆಯಲ್ಲಿದ್ದ ಗೆಳೆಯ ದುಂಡಪ್ಪ, ತೊಟ್ಟಿಲಲ್ಲಿದ್ದ ಕೂಸಿಗೆ ಅಪ್ಪನದೆಂದು ಏನಾದರೂ ಇರಲಿ ಎಂದು ಲಾರಿಯಲ್ಲಿ ತಂದಿದ್ದರು. ಆ ಕೂಸಿಗೆ ನಡೆಯಲು ಕಲಿಸಿದವರೂ ಅವರೇ. ಹಲಗೆಯ ಹೊರಮೈ ಮಣ್ಣಿಗೆ ಮುಖಮಾಡಿತ್ತು. ಮೇಲಿದ್ದ ಒಳಮೈಯಲ್ಲಿ ತಟ್ಟೆಯಗಲದ ಒಂದು ಕುಳಿ. ಇಂದ್ರವ್ವ ಅದರಲ್ಲಿ ಸಾಬೂನು ಇಡುತ್ತಿದ್ದಳು.

ಟ್ಯಾಂಕಿಗೆ ಒಂದು ತೂತೂ ಬಿದ್ದಿರಲಿಲ್ಲ. ಹೆದರಿ ಮುಚ್ಚಳ ಹಾಕಿಕೊಂಡು ಕುಳಿತವರು ಒಳಗೇ ಉಸಿರುಗಟ್ಟಿ ಸತ್ತರು ಎಂದು ಊರು ಆಡಿಕೊಳ್ಳುತ್ತಿತ್ತು. ಈ ಮಾತು ಇಂದ್ರವ್ವನನ್ನು ಶಾಲೆಯಲ್ಲೂ ಮದುವೆಯ ಚಪ್ಪರದಲ್ಲೂ ಬಿಟ್ಟಿರಲಿಲ್ಲ. ಈಗ ಮಗಳು ಕಸ್ತೂರಿ ಅದನ್ನೇ ಕೇಳಿಸಿಕೊಂಡು ಅಳುತ್ತಾ ಬಂದಿದ್ದಳು. ಕಾಕಾನನ್ನು ಕೇಳಿದಾಗಲೆಲ್ಲ ಒಂದೇ ಉತ್ತರ: “ನಾ ಹೋಗೂದ್ರಾಗ ಎಲ್ಲಾ ಮುಗದಿತ್ತವ್ವಾ.”

ಕಾಕಾ ಬಂದು ಹಿತ್ತಲ ಮೂಲೆಯ ಕಲ್ಲಿನ ಮೇಲೆ ಕುಳಿತರು. ಕಸ್ತೂರಿ ಅವರ ಮಂಡಿಗೆ ಒರಗಿದಳು.

“ಏನ್ ಹುಡಕ್ತೈತ್ರಿ ಅದು?” ಇಂದ್ರವ್ವ ಡಾಕ್ಟರನ್ನು ಕೇಳಿದಳು.

“ಉಕ್ಕಿನ ಒಳಗೆ ಸಣ್ಣ ಸಣ್ಣ ಹರಳುಗಳಿರುತ್ತವೆ. ಪೆಟ್ಟು ಬಿದ್ದಾಗಲೆಲ್ಲ ಅವು ಒಂದಿಷ್ಟು ಸರಿಯುತ್ತವೆ, ಮತ್ತೆ ಮೊದಲಿನಂತಾಗುವುದಿಲ್ಲ. ಈ ಲೋಹಸ್ಮೃತಿ ಯಂತ್ರ ಆ ಗುರುತುಗಳನ್ನು ಓದಿ, ಪೆಟ್ಟುಗಳನ್ನು ಬಿದ್ದ ಕ್ರಮದಲ್ಲೇ ಕೇಳಿಸುತ್ತದೆ. ನೀವು ಒಗೆದ ಸದ್ದನ್ನೆಲ್ಲ ಸೋಸಿ ತೆಗೆಯುವುದಕ್ಕೇ ಇಷ್ಟು ಹೊತ್ತಾಯಿತು.”

“ಅಯ್ಯ, ನನ್ನ ಸಿಟ್ಟೆಲ್ಲಾ ಅದರಾಗ ಐತೇನ್ರಿ ಹಂಗಾರ!”

ಡಾಕ್ಟರ್ ನಕ್ಕು ಗುಂಡಿಯೊತ್ತಿದರು. ಹಿತ್ತಲೇ ಬಿರಿದಂತೆ ಒಂದು ಸಿಡಿಲು ಸದ್ದು.

“ಗುಂಡು ಒಳಗೆ ನುಗ್ಗಲಿಲ್ಲ, ಅದರ ಆಘಾತ ನುಗ್ಗಿತು. ಒಳಮೈಯ ಉಕ್ಕು ಚಕ್ಕೆಯಾಗಿ ಸಿಡಿದು ಒಳಗಿದ್ದವರಿಗೆ ಬಡಿದಿದೆ. ಚಕ್ಕೆ ಎದ್ದ ಜಾಗ ಇದೇ, ನಿಮ್ಮ ಸಾಬೂನಿನ ಕುಳಿ.”

ಇಂದ್ರವ್ವ ಸೆರಗಿನಿಂದ ಆ ಕುಳಿಯನ್ನು ಮೆಲ್ಲಗೆ ಒರೆಸಿದಳು. “ಕೇಳಿದ್ರಿ, ಕಾಕಾ? ಅಪ್ಪ ಅಂಜಿ ಕುಂತಿರಲಿಲ್ಲ.”

“ಕೇಳಿದ್ನೆವ್ವ,” ಎಂದರು ಕಾಕಾ. “ಇನ್ನ ಸಾಕ್ರಿ ಬಾಯಾರ, ಬಂದ್ ಮಾಡ್ರಿ ಅದನ್ನ.”

ಯಂತ್ರ ಇನ್ನೂ ಮುಗಿಸಿರಲಿಲ್ಲ. ಟಕ್, ಟಕ್. ಬಹಳ ಸಣ್ಣ ಸದ್ದು.

“ಇದು ಒಳಮೈ ಮೇಲಿನ ಪೆಟ್ಟು,” ಡಾಕ್ಟರ್ ಹುಬ್ಬು ಗಂಟಿಕ್ಕಿದರು. “ಸಿಡಿತವಾದ ಮೇಲೂ ಯಾರೋ ಬಡಿದಿದ್ದಾರೆ.”

ಕಾಕಾ ಏಳಲು ನೋಡಿದರು. ಹಿಂದೆ ಗೋಡೆ, ಮುಂದೆ ಮಂಡಿಗೆ ಒರಗಿದ ಮಗು.

ಆಗ ಹೊರಮೈಯಿಂದ ಉತ್ತರ ಬಂತು. ಎರಡು ಚುರುಕಾದ ಬಡಿತ, ಆಮೇಲೊಂದು ನಿಧಾನದ ಬಡಿತ. ಅದನ್ನು ಕೇಳಿ ಒಳಗಿನ ಬಡಿತ ಹುಚ್ಚೆದ್ದಂತೆ ಜೋರಾಯಿತು. ಹೊರಗಿನದು ಮತ್ತೆ ಕೇಳಿಸಲಿಲ್ಲ. ಒಳಗಿನದು ಮಾತ್ರ ನಡೆದೇ ಇತ್ತು, ಸಣ್ಣದಾಗುತ್ತಾ ಸಣ್ಣದಾಗುತ್ತಾ.

“ಈ ಹೊರಗಿನ ಬಡಿತ ಯಾರದೋ ತಿಳಿಯುತ್ತಿಲ್ಲ,” ಎಂದರು ಡಾಕ್ಟರ್.

ಇಂದ್ರವ್ವನಿಗೆ ತಿಳಿದಿತ್ತು. ಕುಳಿಯ ಮೇಲಿದ್ದ ಸೆರಗನ್ನು ಹಿಂದಕ್ಕೆಳೆದುಕೊಂಡಳು. ದಿನವೂ ಈ ಬಡಿತಕ್ಕೆ ಬಾಗಿಲು ತೆರೆದವಳು ಅವಳೇ. ಮಗಳಿಗೂ ಆ ಬಡಿತದ ಗುರುತಿತ್ತು. ಅವಳ ಬಾಯಿ ಮುಚ್ಚಬೇಕೆನಿಸಿತು, ಮುಚ್ಚಬಾರದೆಂದೂ ಅನಿಸಿತು.

ಕಸ್ತೂರಿ ತಲೆಯೆತ್ತಿ ಮುದುಕನ ಮುಖ ನೋಡಿದಳು.

“ಮುತ್ಯಾ, ನೀ ನಮ್ಮ ಬಾಗಲಾ ಬಡಿದಂಗ ಐತಲ್ಲ. ಒಳಗಿನವ್ರು ಇನ್ನಾ ಬಡ್ಯಾಕತ್ತಿದ್ರು. ನೀ ಯಾಕ ತೆಗೀಲಿಲ್ಲ?”