ಬಳ್ಳಿ ಹಬ್ಬಿದ ಬಾಗಿಲು

"ಕೈ ತೆಗೀರಿ! ಅದನ್ನ ಮುಟ್ಟಬೇಡಿ!"

ತನ್ನ ಗಂಟಲಲ್ಲಿ ಇನ್ನೂ ಇಷ್ಟು ದನಿ ಉಳಿದಿದೆ ಅಂತ ಕೆಳಗೆ ಕೂತು ಚಿತ್ರ ಬರೆಯುತ್ತಿದ್ದ ಅವಳಿಗೇ ಗೊತ್ತಿರಲಿಲ್ಲ.

ಹಳೇ ಗಂಟೆಗೋಪುರದ ಅರ್ಧ ಎತ್ತರದಲ್ಲಿ, ಕಬ್ಬಿಣದ ಸಾರುವೆಯ ಮೇಲೆ ನಿಂತಿದ್ದ ಗಂಡಸು ಗರಗಸ ಹಿಡಿದುಕೊಂಡೇ ಕೆಳಗೆ ಬಗ್ಗಿ ನೋಡಿದ. ಅವನ ಇನ್ನೊಂದು ಕೈ ಕಾಡುಬಳ್ಳಿಯ ಕಾಂಡದ ಮೇಲಿತ್ತು. ತೋಳಿನಷ್ಟು ದಪ್ಪದ ಆ ಬಳ್ಳಿ ಚೂಪು ಕಮಾನನ್ನು ತಬ್ಬಿ, ಕಿಟಕಿಯೊಳಗೆ ನುಗ್ಗಿ, ಇನ್ನೊಂದು ಕಡೆಯಿಂದ ಹೊರಬಂದು, ಹಿಂದಿನ ಸ್ಮಶಾನದ ಗೋಡೆಯವರೆಗೂ ಹಬ್ಬಿಕೊಂಡಿತ್ತು.

"ಯಾರಿಗೆ ಹೇಳ್ತಿದ್ದೀರಿ, ನನಗಾ?"

"ಮತ್ತೆ ಕಾಗೆಗಾ?"

"ಮೇಡಂ, ಇದನ್ನ ತೆಗೆಯೋಕೇ ನನ್ನನ್ನ ಕರೆಸಿರೋದು. ಬೇರು ಕಲ್ಲಿನ ಸಂದಿಗೆ ಇಳಿದಿದೆ. ಹೀಗೇ ಬಿಟ್ರೆ ಗೋಡೆ ಬಾಯಿ ಬಿಡುತ್ತೆ. ನಿಮಗೆ ಗೋಡೆ ಬೇಕಾ, ಬಳ್ಳಿ ಬೇಕಾ?"

"ಎರಡೂ ಬೇಕು!"

ಅವನು ನಕ್ಕ. ದಿನವಿಡೀ ಭಾರ ಹೊತ್ತವನ ನಗು ಅದು, ಅರ್ಧಕ್ಕೇ ನಿಂತುಹೋಯಿತು.

ಅಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ತುಂಬಿತು. ಛೇ… ಗುರುತು ಪರಿಚಯ ಇಲ್ಲದವನ ಎದುರು ಇದೇನು ಅವಸ್ಥೆ! ಮುಖ ಆ ಕಡೆ ತಿರುಗಿಸಿಕೊಂಡಳು. ತೊಡೆಯ ಮೇಲಿದ್ದ ಹಾಳೆ ಜಾರಿ ಹುಲ್ಲಿನ ಮೇಲೆ ಬಿತ್ತು.

ಅವನು ಗರಗಸ ಬದಿಗಿಟ್ಟು ಏಣಿಯಿಳಿದು ಬಂದ. ಹಾಳೆ ಎತ್ತಿಕೊಂಡ. ಇದ್ದಿಲಿನಲ್ಲಿ ಬರೆದ ಕಮಾನು, ಅದನ್ನು ಬಿಗಿದಪ್ಪಿದ ಬಳ್ಳಿ, ಎಲೆಗಳ ನಡುವೆ ಎರಡು ದುಂಡನೆ ಕಣ್ಣು. ತುಂಬಾ ಹೊತ್ತು ನೋಡಿದ.

"ಇಲ್ಲಿ ಗೂಬೆ ಇದ್ಯಾ?"

"ಇದೆ. ಮೂರನೇ ಕಿಟಕೀಲಿ."

"ದಿನಾ ಇಲ್ಲೇ ಇದ್ರೂ ನನ್ನ ಕಣ್ಣಿಗೆ ಬಿದ್ದಿಲ್ಲ ನೋಡಿ," ಅಂದ. ಹಾಳೆಗೆ ಹತ್ತಿದ ಧೂಳನ್ನು ಊದಿ ಅವಳ ಕೈಗೆ ಕೊಟ್ಟ. "ಆಯ್ತು. ಹಿಂಭಾಗದಿಂದ ಕೆಲಸ ಶುರು ಮಾಡ್ತೀನಿ. ಈ ಕಡೆಗೆ ಬರೋಷ್ಟರಲ್ಲಿ ನಿಮ್ಮ ಕೆಲಸ ಮುಗಿಸ್ಕೊಳ್ಳಿ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ."

ಅವಳು ಥ್ಯಾಂಕ್ಸ್ ಅನ್ನುವಷ್ಟರಲ್ಲಿ ಅವನು ಮತ್ತೆ ಏಣಿ ಹತ್ತಿಯಾಗಿತ್ತು.

ಅವಳು ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಒಂದು ಕಾಲದಲ್ಲಿ ಅವಳ ಚಿತ್ರಗಳನ್ನು ನೋಡಲು ಜನ ಬರುತ್ತಿದ್ದರು. ಪಾಳುಬಿದ್ದ ಕಮಾನು, ಪಾಚಿ ಕಟ್ಟಿದ ಮೆಟ್ಟಿಲು, ಬಾವಲಿ, ಒಣಮರ… ಕತ್ತಲೆಯನ್ನು ಇಷ್ಟು ಅಕ್ಕರೆಯಿಂದ ಬರೆಯುವವರು ಇನ್ನೊಬ್ಬರಿಲ್ಲ ಅನ್ನುತ್ತಿದ್ದರು. ಆಮೇಲೆ ಅಪ್ಪ ಹಾಸಿಗೆ ಹಿಡಿದರು. ಎತ್ತಿ ಕೂರಿಸುವುದು, ಉಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು… ವರ್ಷಗಟ್ಟಲೆ ಅದೇ ಆಯಿತು. ಅಪ್ಪ ಹೋದ ಮೇಲೆ ಕೈಗೆ ಬಿಡುವು ಸಿಕ್ಕಿತು. ಆದರೆ ಬ್ರಷ್ ಹಿಡಿದರೆ ಸಾಕು, ಭುಜ ಬಿದ್ದುಹೋಗುತ್ತಿತ್ತು. ಖಾಲಿ ಕ್ಯಾನ್ವಾಸು ಮಡಚಿಟ್ಟ ಹಾಸಿಗೆಯ ಹೊದಿಕೆಯಂತೆ ಕಾಣುತ್ತಿತ್ತು.

ಗ್ಯಾಲರಿಯ ಒಡತಿ ಮಾತ್ರ ಬಿಟ್ಟಿರಲಿಲ್ಲ. "ನಿನ್ನ ಆ ಪಾಳು ಕಮಾನಿನ ಗೋಥಿಕ್ ಬೇಕು, ಪ್ರಕೃತಿನೂ ಬೇಕು. ಕತ್ತಲೆ ಇರಲಿ, ಆದ್ರೆ ಹಾಲ್‌ನಲ್ಲಿ ನೇತುಹಾಕಿದ್ರೆ ಮನೆಗೆ ಬಂದವರು ಹೆದರಬಾರದು," ಅಂತ ಫೋನಿನ ಮೇಲೆ ಫೋನು.

"ಹಾಗಾದ್ರೆ ಕಪ್ಪು ಬಣ್ಣದ ಮೊಲ ಬರೆದುಕೊಡೇ," ಅಂತ ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಲೇ ನಕ್ಕಿದ್ದಳು. ಕೆಳಗೆ ಅಕ್ಕನ ಹೊಲಿಗೆ ಅಂಗಡಿ, ಮೇಲೆ ಇವಳ ಕೋಣೆ. ಗೂಬೆ ಬರೆಯುತ್ತಾಳೆ, ಕಣ್ಣ ಸುತ್ತ ಕಪ್ಪು ಕಟ್ಟಿದೆ ಅಂತ ಅಕ್ಕ ಇವಳಿಗಿಟ್ಟ ಹೆಸರೂ ಗೂಬೆಯೇ. "ಗೂಬೆ, ಮನೇಲಿ ಕೂತು ಕೊಳೀಬೇಡ. ಶಾಲೆಗೆ ರಜ ತಾನೇ? ಎಲ್ಲಿಗಾದ್ರೂ ಹೋಗಿ ಬಾ."

ಹಾಗೆ ಹೊರಟವಳಿಗೆ ಸಿಕ್ಕಿದ್ದು ಈ ಗೋಪುರ.

ಮಾರನೇ ದಿನವೂ ಬಂದಳು. ಅದರ ಮಾರನೇ ದಿನವೂ. ಕೆಲಸದವರು ಅವನನ್ನು ಮೇಸ್ತ್ರಿ ಅನ್ನುತ್ತಿದ್ದರು. ಹಳೇ ಕಟ್ಟಡಗಳನ್ನು ರಿಪೇರಿ ಮಾಡುವುದೇ ಅವನ ಕಸುಬು. ಸುಣ್ಣದ ಗಾರೆ ಕಲಸಿ, ಸಡಿಲವಾದ ಕಲ್ಲನ್ನು ಬಿಗಿ ಮಾಡುತ್ತಾ ಅವನು ಹಿಂಭಾಗದಲ್ಲಿರುತ್ತಿದ್ದ. ಅವಳು ಮುಂಭಾಗದಲ್ಲಿ ಬರೆಯುತ್ತಿದ್ದಳು. ಮಧ್ಯಾಹ್ನ ಅವನು ಫ್ಲಾಸ್ಕ್ ಹಿಡಿದು ಬಂದು ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದ.

ಇಬ್ಬರಿಗೂ ಹೆಚ್ಚು ಮಾತಾಡುವ ತ್ರಾಣವಿರಲಿಲ್ಲ. ಅದೇ ಅವಳಿಗೆ ಹಿಡಿಸಿತು. 'ಇವನೆದುರು ಮುಖ ಅರಳಿಸ್ಕೊಂಡು ಕೂರಬೇಕಾಗಿಲ್ಲ… ಎಷ್ಟು ಆರಾಮ!' ಅನ್ನಿಸುತ್ತಿತ್ತು.

ಒಂದು ಸಂಜೆ ಕೆಲಸದವರೆಲ್ಲ ಹೊರಟರೂ ಅವನು ಏಳಲಿಲ್ಲ.

"ಮನೆಗೆ ಹೋಗಲ್ವಾ?" ಅಂತ ಕೇಳಿದಳು.

"ಹೋಗ್ಬೇಕು." ಕೈಗೆ ಅಂಟಿದ್ದ ಗಾರೆಯನ್ನು ಉಗುರಿನಿಂದ ಕೆರೆದ. "ನನ್ನ ಹೆಂಡತಿ ತೀರಿಕೊಂಡಮೇಲೆ ಒಂದು ವಿಚಿತ್ರ ಅಭ್ಯಾಸ ಆಗಿದೆ. ಬಾಗಿಲವರೆಗೂ ಹೋಗ್ತೀನಿ. ಬೀಗದ ಕೈ ಕೈಯಲ್ಲೇ ಇರುತ್ತೆ. ಆದ್ರೆ ತೆಗೆಯೋಕೆ ಆಗಲ್ಲ. ದುಃಖ ಅಂತ ಅಲ್ಲ… ಸುಸ್ತು. ಒಳಗೆ ಹೋಗಿ ದೀಪ ಹಾಕ್ಬೇಕಲ್ಲ ಅನ್ನೋದೇ ಸುಸ್ತು. ಮೆಟ್ಟಿಲ ಮೇಲೆ ಕೂತುಬಿಡ್ತೀನಿ. ಎಷ್ಟೋ ಹೊತ್ತು."

ಅವಳು ಇದ್ದಿಲು ಕೆಳಗಿಟ್ಟಳು.

"ಅಪ್ಪ ಹೋದ ದಿನ…" ಅಂತ ಶುರುಮಾಡಿದಳು. ಈ ಮಾತನ್ನು ಅಕ್ಕನಿಗೂ ಹೇಳಿರಲಿಲ್ಲ. "ಅಪ್ಪ ಹೋದ ದಿನ ನನಗೆ ಮೊದಲು ಬಂದಿದ್ದು ಅಳು ಅಲ್ಲ, ನಿದ್ದೆ. ಸದ್ಯ, ಇವತ್ತು ಮಲಗಬಹುದು ಅನ್ನಿಸ್ತು. ಅದನ್ನ ಇವತ್ತಿಗೂ ಮರೆಯೋಕೆ ಆಗಿಲ್ಲ."

ಅವನು ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾವನ್ನು ಅವಳ ಲೋಟಕ್ಕೆ ಬಗ್ಗಿಸಿದ, ಅಷ್ಟೇ.

ಅವತ್ತು ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಕ್ಯಾನ್ವಾಸಿನ ಎದುರು ನಿಂತಳು. ಗೋಪುರ ಬರೆಯಲಿಲ್ಲ. ಒಂದು ಸಾಧಾರಣ ಮನೆಯ ಬಾಗಿಲು ಬರೆದಳು. ಬಾಗಿಲ ತುಂಬ ಬಳ್ಳಿ ಹಬ್ಬಿತ್ತು, ಹೊಸ್ತಿಲಲ್ಲಿ ಪಾಚಿ, ಕಿಟಕಿಯಿಂದ ಹೊರಚಾಚಿದ ಕೊಂಬೆ. ಮೆಟ್ಟಿಲ ಮೇಲೆ ಒಬ್ಬ ಗಂಡಸು, ಬಾಗಿದ ಬೆನ್ನು, ಬೆರಳ ಸಂದಿಯಲ್ಲಿ ಬೀಗದ ಕೈ. ಅವನ ಹೆಗಲ ಮೇಲೆ ಬೂದುಬಣ್ಣದ ಪತಂಗಗಳು ರೆಕ್ಕೆ ಮಡಚಿ ಕೂತಿದ್ದವು.

ಅಕ್ಕ ಊಟಕ್ಕೆ ಕರೆಯಲು ಮೇಲೆ ಬಂದವಳು ಬಾಗಿಲಲ್ಲೇ ನಿಂತಳು. ಸ್ವಲ್ಪ ಹೊತ್ತು ಚಿತ್ರ ನೋಡಿ, ತಂಗಿಯ ಮುಖ ನೋಡಿ, ಒಂದೇ ಮಾತು ಕೇಳಿದಳು.

"ಯಾರೇ ಇವನು?"

"ಯಾರೂ ಇಲ್ಲ ಕಣೇ."

"ಯಾರೂ ಇಲ್ಲದವನ ಕಿವಿ ಹಿಂದಿನ ಮಚ್ಚೆ ನಿನಗೆ ಹೇಗೆ ಗೊತ್ತು?"

ಅವಳ ಕೆನ್ನೆ ಬಿಸಿಯಾಯಿತು.

ಗ್ಯಾಲರಿಯಲ್ಲಿ ಅವಳ ಚಿತ್ರಗಳ ಪ್ರದರ್ಶನ ಶುರುವಾಗುವ ದಿನ ಅವನನ್ನೂ ಕರೆದಿದ್ದಳು. ಚಿತ್ರದ ವಿಷಯ ಹೇಳಿರಲಿಲ್ಲ. ನೋಡಿದಾಗ ಅವನ ಮುಖ ಹೇಗಾಗಬಹುದು ಅಂತ ಮನಸ್ಸಿನಲ್ಲೇ ನೂರು ಸಲ ಬರೆದುಕೊಂಡಿದ್ದಳು. 'ಆಶ್ಚರ್ಯಪಡ್ತಾನೆ… ಆಮೇಲೆ ಸುಮ್ಮನೆ ನನ್ನ ಕಡೆ ತಿರುಗ್ತಾನೆ…'

ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಅವನು ಬಂದ. ಗೋಪುರದ ಚಿತ್ರಗಳ ಮುಂದೆ ನಿಂತು ನಿಂತು ನಡೆದ. ಮೂರನೇ ಕಿಟಕಿಯ ಗೂಬೆ ನೋಡಿ ನಕ್ಕ. ಕೊನೆಯ ಗೋಡೆಗೆ ಬಂದ. ಅಲ್ಲಿ ಜನ ಗುಂಪುಗಟ್ಟಿದ್ದರು.

"ಎಂಥ ಸೊಗಸಾದ ಶೋಕ!" ಅಂದಳು ಮುತ್ತಿನ ಸರದ ಹೆಂಗಸೊಬ್ಬಳು. "ನಮ್ಮ ಸೋಫಾ ಹಿಂದೆ ಇದು ಒಪ್ಪುತ್ತೆ ಅಲ್ವಾ?"

ಅವನು ಚಿತ್ರ ನೋಡಿದ. ಬೀಗದ ಕೈ ನೋಡಿದ. ಹಾಗೇ ಹಿಂದೆ ಹಿಂದೆ ಸರಿದು, ಯಾರನ್ನೂ ತಾಕದಂತೆ ಹೊರಗೆ ಹೋಗಿಬಿಟ್ಟ.

ಅವಳು ಓಡಿದಳು. ರಸ್ತೆಯ ತಿರುವಿನಲ್ಲಿ ಸಿಕ್ಕ.

"ಮೇಸ್ತ್ರಿ! ನಿಲ್ಲಿ… ಯಾಕೆ ಹೊರಟ್ರಿ?"

ಅವನು ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು!

"ನಿಮಗೆ ಹೇಳಿದ್ದು ನಾನು. ಸೋಫಾ ಹಿಂದೆ ನೇತುಹಾಕೋರಿಗಲ್ಲ."

ಅಷ್ಟೇ ಅಂದು ನಡೆದುಹೋದ.

ಅವಳು ಅಲ್ಲೇ ಫುಟ್‌ಪಾತಿನ ಮೇಲೆ ನಿಂತಳು. ಆ ಸಂಜೆ ಅವನು ಮಾತು ಮುಗಿಸಿದಾಗ ತನ್ನ ತಲೆಯೊಳಗೆ ಮೊದಲು ಎದ್ದಿದ್ದು ಏನು? ಬಾಗಿಲಿನ ಆಕಾರ… ಅದಕ್ಕೆ ಹಾಕಬೇಕಾದ ಹಸಿರು… ಹೌದು, ಅವನ ನೋವು ಕೇಳುತ್ತಲೇ ಬಣ್ಣ ಆರಿಸುತ್ತಿದ್ದಳು. ಕೇಳಬೇಕು, 'ಬರೀಲಾ?' ಅಂತ ಒಂದು ಮಾತು ಕೇಳಬೇಕು ಅಂತ ಹೊಳೆಯಲೇ ಇಲ್ಲ.

ಒಳಗೆ ಹೋಗಿ ಚಿತ್ರವನ್ನು ಗೋಡೆಯಿಂದ ಇಳಿಸಿದಳು.

"ಏನ್ ಮಾಡ್ತಿದ್ದೀಯಮ್ಮ?" ಗ್ಯಾಲರಿಯ ಒಡತಿ ಹೌಹಾರಿದಳು. "ಇದನ್ನ ಆಗಲೇ ಕೇಳ್ತಿದ್ದಾರೆ! ಇಡೀ ಪ್ರದರ್ಶನದ ಜೀವ ಇದು!"

"ಅದಕ್ಕೇ. ಆ ಜೀವ ನನ್ನದಲ್ಲ."

"ಇನ್ನೊಂದು ಸಲ ನಿನ್ನನ್ನ ಕರೀತೀನಿ ಅಂದ್ಕೊಂಡಿದ್ದೀಯಾ?"

ಅವಳು ಚಿತ್ರವನ್ನು ಎದೆಗವಚಿಕೊಂಡು ಬಾಗಿಲ ಕಡೆ ನಡೆದಳು.

ಆಮೇಲಿನ ದಿನಗಳಲ್ಲಿ ಮಲಗಿದಲ್ಲೇ ಇದ್ದಳು. ಚಿತ್ರವನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದ್ದಳು. ಅಕ್ಕ ಬಂದು ಹಾಸಿಗೆಯ ತುದಿಯಲ್ಲಿ ಕೂತಳು. ಕತ್ತಿನಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

"ನೋಡು ಗೂಬೆ, ನಾನು ಯಾರದ್ದೋ ಬಟ್ಟೆಯ ಅಳತೆ ತಪ್ಪಿಸಿದ್ರೆ ಅಂಗಡಿ ಮುಚ್ಚಿಕೊಂಡು ಮಲಗ್ತೀನಾ? ಅವರ ಮನೆಗೇ ಹೋಗಿ, ತಪ್ಪಾಯ್ತು ಅಂತೀನಿ."

"ಬಟ್ಟೆ ಬೇರೆ, ಇದು ಬೇರೆ ಅಕ್ಕ. ಅವರು ನನ್ನ ಮುಖನೂ ನೋಡಲ್ಲ."

"ನೋಡದಿದ್ರೆ ಬೇಡ. ನೀನು ಹೇಳೋದು ಹೇಳಿ ಬಾ. ಎದ್ದೇಳು, ತಲೆ ಬಾಚ್ಕೋ. ಈ ಅವತಾರದಲ್ಲಿ ಹೋದ್ರೆ ಸ್ಮಶಾನದಿಂದ ಯಾರೋ ಎದ್ದು ಬಂದ್ರು ಅಂದ್ಕೋತಾರೆ!"

ನಗು ಬಂತು. ನಗುವಿನ ಜೊತೆಗೇ ಅಳುವೂ ಬಂತು. ಅಕ್ಕ ತನ್ನ ಸೆರಗಿನಿಂದಲೇ ಒರೆಸಿದಳು.

ಚಿತ್ರವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಅಪ್ಪಿಕೊಂಡು ಗೋಪುರದ ಹತ್ತಿರ ಬಂದಾಗ ಬಿಸಿಲು ಏರಿತ್ತು. ಸಾರುವೆ ಮುಂಭಾಗಕ್ಕೆ ಬಂದಿತ್ತು. ಬಳ್ಳಿ ಹೋಗಿತ್ತು. ಬರಿಗೋಡೆಯ ಮೇಲೆ ಬೇರಿನ ಗುರುತುಗಳು ಮಾತ್ರ ಉಳಿದಿದ್ದವು.

"ಮೇಸ್ತ್ರಿ ಮೇಲಿದ್ದಾರೆ," ಅಂದ ಗಾರೆ ಕಲಸುತ್ತಿದ್ದ ಮುದುಕ. "ಇನ್ನೆಷ್ಟು ದಿನ ಬಿಡಿ. ದೂರದ ಊರಿನ ಕೆಲಸ ಒಪ್ಪಿಕೊಂಡಿದ್ದಾರೆ. ಮೊದಲು ಬೇಡ ಅಂದಿದ್ರು. ಈಗ ಏನಾಯ್ತೋ, ಹೋಗ್ತೀನಿ ಅಂತಾರೆ."

ಅವಳು ಚಿತ್ರವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. 'ನನ್ನಿಂದಲೇ… ನನ್ನಿಂದಲೇ ಊರು ಬಿಡ್ತಿದ್ದಾರೆ!'

ನೆರಳಿಲ್ಲದ ಕಲ್ಲಿನ ಮೇಲೆ ಕೂತು ಕಾದಳು. ಅವನು ಮೇಲಿನಿಂದ ಒಮ್ಮೆ ನೋಡಿದ, ಮತ್ತೆ ಕೆಲಸಕ್ಕೆ ತಿರುಗಿದ. ಕರಣೆಯ ಸದ್ದು ನಿಲ್ಲಲಿಲ್ಲ. ಊಟದ ಹೊತ್ತಿಗೆ ಇಳಿದು ಬಂದ.

"ಬಿಸಿಲಲ್ಲಿ ಯಾಕೆ ಕೂತಿದ್ದೀರಿ?"

"ತಪ್ಪಾಯ್ತು." ಎದ್ದು ನಿಂತು ಚಿತ್ರವನ್ನು ಅವನ ಕಡೆ ಚಾಚಿದಳು. "ನಿಮ್ಮನ್ನ ಕೇಳದೆ ಬರೆದೆ. ಕೇಳದೆ ಗೋಡೆಗೆ ಹಾಕಿದೆ. ನಿಮ್ಮ ಮಾತಿನಲ್ಲಿ ನನ್ನ ಸುಸ್ತೂ ಕಾಣಿಸ್ತು, ಅದಕ್ಕೇ ಅದು ನನ್ನದೇ ಅಂದ್ಕೊಂಡುಬಿಟ್ಟೆ. ಇದನ್ನ ಮಾರಿಲ್ಲ. ಹರೀರಿ, ಸುಡಿ, ಏನು ಬೇಕಾದ್ರೂ ಮಾಡಿ. ಆದ್ರೆ… ಊರು ಬಿಡ್ಬೇಡಿ. ನಾನೇ ಈ ಕಡೆ ಬರಲ್ಲ."

ಅವನು ಬೆಡ್‌ಶೀಟು ಬಿಚ್ಚಿದ. ಚಿತ್ರವನ್ನು ಗೋಡೆಗೆ ಒರಗಿಸಿ ಎದುರು ಕುಕ್ಕರುಗಾಲಲ್ಲಿ ಕೂತ.

"ಅವತ್ತು ಜನ ಏನಂದ್ರು ಅನ್ನೋದಕ್ಕಲ್ಲ ನಾನು ಹೊರಟಿದ್ದು," ಅಂದ ಚಿತ್ರದಿಂದ ಕಣ್ಣು ತೆಗೆಯದೆ. "ಬೇಜಾರಾಯ್ತು, ಇಲ್ಲ ಅನ್ನಲ್ಲ. ಆದ್ರೆ ಓಡಿದ್ದು ಅದಕ್ಕಲ್ಲ."

"ಮತ್ತೆ?"

"ಈ ಕುತ್ತಿಗೆ ನೋಡಿ. ಈ ಬೆರಳು. ಇದನ್ನೆಲ್ಲ ಬರೀಬೇಕಾದ್ರೆ ಎಷ್ಟು ಹೊತ್ತು ನನ್ನನ್ನ ನೋಡಿರ್ಬೇಕು ನೀವು! ಅವಳು ಹೋದಮೇಲೆ ಯಾರೂ ನನ್ನನ್ನ ಹಾಗೆ ನೋಡಿಲ್ಲ. ನನಗೆ… ಹೆದರಿಕೆ ಆಯ್ತು. ಮತ್ತೆ ಒಬ್ಬರು ಬೇಕು ಅನ್ನಿಸಿಬಿಟ್ರೆ ಏನು ಗತಿ ಅಂತ."

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಅನ್ನಿಸ್ತಾ?" ಅಂತ ಕೇಳಿದಳು. ದನಿ ಅವಳಿಗೇ ಕೇಳಿಸಲಿಲ್ಲ.

"ಅನ್ನಿಸಿದ್ದಕ್ಕೇ ದೂರದ ಊರಿನ ಕೆಲಸ ಒಪ್ಪಿಕೊಂಡೆ."

"ಮೇಸ್ತ್ರಿ, ನಾನು ನಿಮ್ಮನ್ನ ಚಿತ್ರಕ್ಕೋಸ್ಕರ ನೋಡ್ಲಿಲ್ಲ." ಕಣ್ಣೀರು ತಡೆಯದೆ ಇಳಿಯಿತು. "ನೋಡ್ತಾ ಇದ್ದೆ… ಅದಕ್ಕೇ ಚಿತ್ರ ಆಯ್ತು. ಬಿರುಸಾದ ಪ್ರೀತಿ ಅಲ್ಲ ನನ್ನದು. ಅಷ್ಟು ಕಸುವಿಲ್ಲ ನನ್ನಲ್ಲಿ. ನಿಮ್ಮ ಪಕ್ಕ ಕೂತಾಗ ಮಾತ್ರ ದಣಿವು ಆರುತ್ತೆ. ಅಷ್ಟೇ ನನಗೆ ಗೊತ್ತಿರೋದು."

ಅವನು ಪಕ್ಕಕ್ಕೆ ಸರಿದು ನೆರಳಿನಲ್ಲಿ ಜಾಗ ಮಾಡಿದ. ಅವಳು ಕೂತಳು. ಇಬ್ಬರ ನಡುವೆ ಒಂದು ಗೇಣು ಅಂತರವಿತ್ತು. ಅವನು ಕೈ ಚಾಚಿದ. ಒಣಗಿದ ಗಾರೆಯ ಒರಟು ಕೈ. ಅವಳ ಬೆರಳು ಅದರೊಳಗೆ ಸುಮ್ಮನೆ ಸೇರಿತು.

"ಆ ಊರಿನವರಿಗೆ ಬರಲ್ಲ ಅಂತ ಹೇಳ್ತೀನಿ," ಅಂದ.

"ಚಿತ್ರ ಏನು ಮಾಡ್ತೀರಿ?"

"ನಿಮ್ಮ ಮನೇಲಿರಲಿ. ನೋಡ್ಬೇಕು ಅನ್ನಿಸಿದಾಗ ಬರ್ತೀನಿ."

"ನೋಡ್ಬೇಕು ಅನ್ನಿಸೋದು… ಚಿತ್ರಾನಾ?"

ಈ ಸಲ ಅವನ ನಗು ಅರ್ಧಕ್ಕೆ ನಿಲ್ಲಲಿಲ್ಲ. ಬಿಸಿಲು ಅವನ ಸುಣ್ಣ ಮೆತ್ತಿದ ರೆಪ್ಪೆಗಳ ಮೇಲೆ ಬಿದ್ದಿತ್ತು. ಅವಳ ಇನ್ನೊಂದು ಕೈ ತಾನಾಗಿಯೇ ಚೀಲದೊಳಗಿನ ಇದ್ದಿಲಿಗಾಗಿ ತಡಕಿ, ಅಲ್ಲೇ ನಿಂತಿತು.

"ನಿಮ್ಮನ್ನ… ಬರೀಲಾ? ಈಗ ಕೇಳ್ತಿದ್ದೀನಿ ನೋಡಿ."

"ಈಗ ಬೇಡ. ಈಗ ಸುಮ್ಮನೆ ಕೂತ್ಕೊಳ್ಳಿ."

"ಸುಮ್ಮನೆ ಅಂದ್ರೆ?"

"ಏನೂ ಮಾಡದೆ. ತಲೆ ಇಲ್ಲಿ ಒರಗಿಸಿ," ಅಂದ ಅವನು ತನ್ನ ಭುಜ ತಗ್ಗಿಸಿ. "ನಿದ್ದೆ ಬಂದ್ರೆ ಮಲಗಿ. ನಾನು ಎಚ್ಚರ ಇರ್ತೀನಿ."